ಪಿಡುಗಿನ ಕಾಲದ ಮಾತು

ಒಂದು ಊರಿಗೆ ಸಾಂಕ್ರಾಮಿಕ ರೋಗವು ಬಂದಾಗ ಅಲ್ಲಿಯ ಅಧಿಕಾರಿಗಳು ಏನೇನು ಮಾಡಿದರೆಂಬುದು ಸರ್ಕಾರದ ವರದಿಗಳಲ್ಲಿ ವಿಸ್ತಾರವಾಗಿಯೇ ಸಿಕ್ಕುತ್ತದೆ. ಎಷ್ಟು ಮನೆಗಳಿಗೆ ಸುಣ್ಣ ಹೊಡೆಸಿದರು, ಎಷ್ಟು ಜನರನ್ನು ಊರ ಹೊರಗಿನ ಗುಡಿಸಲುಗಳಿಗೆ ಸಾಗಿಸಿದರು, ಎಷ್ಟು ಮಂದಿಗೆ ಸೂಜಿ ಚುಚ್ಚಿದರು ಎಂಬ ಲೆಕ್ಕಗಳಿಗೆ ಕೊರತೆಯಿಲ್ಲ. ಆದರೆ ಈ ಕೆಲಸಗಳನ್ನೆಲ್ಲ ಜನರಿಗೆ ಯಾವ ಮಾತಿನಲ್ಲಿ ತಿಳಿಸಿದರು, ಆ ಮಾತು ಕೇಳಿದವರ ಮನಸ್ಸಿನಲ್ಲಿ ಏನಾಗಿ ಇಳಿಯಿತು ಎಂಬುದನ್ನು ನಾವು ಸಾಲುಗಳ ನಡುವೆ ಹುಡುಕಿ ತೆಗೆಯಬೇಕಾಗುತ್ತದೆ. ಒಂದೇ ಹಿತವಚನವು ಒಂದು ಬಗೆಯಲ್ಲಿ ಹೇಳಿದಾಗ ದೊಂಬಿಯಾಗಿಯೂ ಇನ್ನೊಂದು ಬಗೆಯಲ್ಲಿ ಹೇಳಿದಾಗ ಸಹಕಾರವಾಗಿಯೂ ಪರಿಣಮಿಸಿದ್ದುಂಟು. ಈ ಭೇದವು ಎಲ್ಲಿಂದ ಹುಟ್ಟುತ್ತದೆಂಬುದೇ ಈಗ ನಮ್ಮ ವಿಚಾರ. ಅದಕ್ಕಾಗಿ ನಾವು ಬೆಳಗಾವಿಯನ್ನೂ ಅದರ ನೆರೆಯ ಖಾನಾಪುರವನ್ನೂ ಮುಖ್ಯವಾಗಿ ಕಣ್ಣಮುಂದೆ ಇಟ್ಟುಕೊಂಡು, ಅಲ್ಲಿಂದ ಪುಣೆಗೂ ಹುಬ್ಬಳ್ಳಿಗೂ ಮೈಸೂರಿಗೂ ಹೋಗಿ ಬರೋಣ.

ಮೊದಲು ಸ್ಥಳದ ಪರಿಚಯ. ಬೆಳಗಾವಿಯು ಆಗ ಮುಂಬಯಿ ಇಲಾಖೆಗೆ ಸೇರಿದ ಜಿಲ್ಲೆ. ಒಂದು ಕಡೆ ಹಳೆಯ ಪೇಟೆ ಮತ್ತು ಕೋಟೆ. ಇನ್ನೊಂದು ಕಡೆ ಇಂಗ್ಲಿಷರ ದಂಡು ಇಳಿದಿದ್ದ ಕ್ಯಾಂಪು. ದಕ್ಷಿಣಕ್ಕೆ ಹೋದರೆ ಖಾನಾಪುರ. ಮಲಪ್ರಭೆಯು ಹುಟ್ಟುವ ಕಣಕುಂಬಿಯನ್ನೂ, ಜಾಂಬೋಟಿ ಲೋಂಡಾಗಳ ದಟ್ಟವಾದ ಕಾಡನ್ನೂ ಒಳಗೊಂಡ ಸೀಮೆ. ಕನ್ನಡ, ಮರಾಠಿ, ಕೊಂಕಣಿ ಮೂರೂ ಅಲ್ಲಿಯ ಮನೆಮಾತುಗಳು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಪುಣೆ, ಬೆಳಗಾವಿ, ಖಾನಾಪುರ, ಲೋಂಡಾ, ಧಾರವಾಡ, ಹುಬ್ಬಳ್ಳಿಗಳನ್ನು ಒಂದು ಸರದಲ್ಲಿ ಪೋಣಿಸಿತು. ಲೋಂಡಾದಿಂದ ಗೋವೆಗೆ ಬೇರೊಂದು ದಾರಿಯೂ ಆಯಿತು. ಸಾಮಾನು ಹೋದ ಹಾದಿಯಲ್ಲಿಯೇ ರೋಗವೂ ಹೋಯಿತು. 1891ರ ಖಾನೇಷುಮಾರಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 10,13,261 ಇದ್ದದ್ದು 1901ರಲ್ಲಿ 9,93,976ಕ್ಕೆ ಇಳಿಯಿತು. ಪಟ್ಟಣದ ಜನಸಂಖ್ಯೆ 40,737ರಿಂದ 36,878ಕ್ಕೆ ಇಳಿಯಿತು. ಇದರಲ್ಲಿ ಕ್ಷಾಮದ ಪಾಲೂ ಉಂಟು. ಆದರೆ ಪ್ಲೇಗಿನ ಪಾಲು ಸಣ್ಣದಲ್ಲ. ಬೆಳೆಯಬೇಕಾದ ಪಟ್ಟಣವೊಂದು ಹತ್ತು ವರ್ಷಗಳಲ್ಲಿ ಕುಗ್ಗಿತೆಂದರೆ ಎಷ್ಟು ಮನೆಗಳ ದೀಪ ಆರಿರಬೇಕೆಂಬುದನ್ನು ಶ್ರೋತೃಗಳು ತಾವೇ ಊಹಿಸಿಕೊಳ್ಳಬಹುದು.

ಪ್ಲೇಗು ಮುಂಬಯಿಯಲ್ಲಿ ಕಾಣಿಸಿಕೊಂಡದ್ದು 1896ರ ಸೆಪ್ಟೆಂಬರಿನಲ್ಲಿ. ಅಕ್ಟೋಬರ್ 6ನೆಯ ತಾರೀಖು ಅಲ್ಲಿಯ ಮುನಿಸಿಪಲ್ ಕಮಿಷನರ್ ಸ್ನೋ ಎಂಬಾತನು ಒಂದು ಪ್ರಕಟಣೆಯನ್ನು ಹೊರಡಿಸಿದನು. ರೋಗ ತಗುಲಿದವರನ್ನು ಬೇಕಾದರೆ ಬಲಾತ್ಕಾರದಿಂದಲಾದರೂ ಆಸ್ಪತ್ರೆಗೆ ಸಾಗಿಸುವ ಅಧಿಕಾರ ತನಗಿದೆ ಎಂಬುದು ಅದರ ತಾತ್ಪರ್ಯ. ಇದನ್ನು ಓದಿದವನಿಗೆ ತಿಳಿದದ್ದೇನು? ನಿನಗೆ ಜ್ವರ ಬಂದರೆ ನಿನ್ನನ್ನು ಹಿಡಿದೊಯ್ಯುತ್ತೇವೆ ಎಂಬುದಿಷ್ಟೇ. ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ, ಹೆಂಡತಿ ಮಕ್ಕಳು ನೋಡಲು ಬರಬಹುದೇ, ಸತ್ತರೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆಗಳೇ ಸಾಮಾನ್ಯನ ಮನಸ್ಸಿನಲ್ಲಿ ಮೊದಲು ಏಳುವಂಥವು. ಉತ್ತರವಿಲ್ಲದ ಈ ಜಾಗವನ್ನು ಗಾಳಿಸುದ್ದಿಯು ತುಂಬಿತು. ಆ ತಿಂಗಳಿನಲ್ಲಿಯೇ ಯಾರೋ ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಡಾಂಬರು ಬಳಿದಿದ್ದರು. ಅದಕ್ಕೆ ಸೇಡು ತೀರಿಸಿಕೊಳ್ಳಲು ಸರ್ಕಾರವು ಆಸ್ಪತ್ರೆಗಳಲ್ಲಿ ಜನರನ್ನು ಕೊಲ್ಲಿಸುತ್ತಿದೆಯೆಂದೂ, ಹೆಣಗಳಿಂದ ಮೋಮಿಯಾಯಿ ತೆಗೆಯುತ್ತಾರೆಂದೂ ಸುದ್ದಿ ಹಬ್ಬಿತು. ಅಕ್ಟೋಬರ್ 29ರಂದು ಗಿರಣಿಯ ಕೂಲಿಗಳು ಸಾವಿರದಷ್ಟು ಮಂದಿ ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಬಿದ್ದರು. ಕಮಿಷನರನು ಪ್ರಕಟಣೆಯನ್ನು ಸಡಿಲಿಸಬೇಕಾಯಿತು. ಊರಿನ ಕಸ ಗುಡಿಸುವ ಹಲಾಲಖೋರರು ಊರು ಬಿಟ್ಟು ಹೋದಾರೆಂಬ ಭಯವು ಅವನ ಮನಸ್ಸನ್ನು ತಿರುಗಿಸಿತಂತೆ.

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆಯು ಜಾರಿಗೆ ಬಂದಿತು. ಒಂದೆರಡು ಹಾಳೆಗಳಲ್ಲಿ ಮುಗಿಯುವ ಕಾಯಿದೆ. ಆದರೆ ಅದರ ಬಾಹುಗಳು ಬಹು ದೂರಕ್ಕೆ ಚಾಚಿದವು. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸಿಪಾಯಿಗಳು ಮನೆ ಮನೆ ಹೊಕ್ಕು ರೋಗಿಗಳನ್ನು ಹುಡುಕಿದರು. ಇಲ್ಲಿ ಒಂದು ಸಂಗತಿಯನ್ನು ನಾವು ಗಮನಿಸಬೇಕು. ಜನರ ಆಚಾರಗಳಿಗೆ ಮರ್ಯಾದೆ ಕೊಡಲಾಗುವುದೆಂಬ ಆಶ್ವಾಸನೆಗಳನ್ನು ಅಧಿಕಾರಿಗಳು ಕೊಟ್ಟಿರಲಿಲ್ಲವೆಂದಲ್ಲ; ಕೊಟ್ಟಿದ್ದರು. ಬೂಟುಗಾಲಿನ ಸಿಪಾಯಿಯು ದೇವರ ಮನೆಗೆ ನುಗ್ಗಿದ ಮೇಲೆ ಆ ಕಾಗದದ ಮಾತನ್ನು ನಂಬುವವರು ಯಾರು? ಜೂನ್ 22ರ ರಾತ್ರಿ ಗಣೇಶಖಿಂಡಿನಲ್ಲಿ ಚಾಪೇಕರ್ ಸಹೋದರರು ರ‍್ಯಾಂಡನನ್ನು ಗುಂಡಿಟ್ಟು ಕೊಂದರು. ಅವನ ಹಿಂದಿನ ಗಾಡಿಯಲ್ಲಿದ್ದ ಆಯರ್ಸ್ಟನೂ ಸತ್ತನು. ಕೇಸರಿಯಲ್ಲಿ ಬಂದ ಬರಹಗಳಿಗಾಗಿ ತಿಲಕರು ರಾಜದ್ರೋಹದ ಆಪಾದನೆಗೆ ಗುರಿಯಾಗಿ ಸೆರೆಮನೆಗೆ ಹೋದರು. ತಿಲಕರು ಪ್ಲೇಗಿನ ಚಿಕಿತ್ಸೆಗೆ ವಿರೋಧಿಗಳಾಗಿರಲಿಲ್ಲ. ಪುಣೆಯಲ್ಲಿ ಹಿಂದೂಗಳ ಪ್ಲೇಗು ಆಸ್ಪತ್ರೆಯನ್ನು ನಡೆಸುವುದಕ್ಕೆ ಮುಂದೆ ನಿಂತವರು. ಹೇಳುವ ರೀತಿ ಮಾಡುವ ರೀತಿಗಳ ಮೇಲೆ ಅವರ ಸಿಟ್ಟು.

ಕೇಸರಿಯು ಪುಣೆಯಲ್ಲಿ ಅಚ್ಚಾದರೂ ಬೆಳಗಾವಿಯಲ್ಲಿ ಅದನ್ನು ಓದುವವರು ಬಹಳ ಮಂದಿ. ಆದುದರಿಂದ ಪ್ಲೇಗು ಬೆಳಗಾವಿಯನ್ನು ಮುಟ್ಟುವುದಕ್ಕೆ ಮುಂಚೆಯೇ ಪ್ಲೇಗಿನ ಸುದ್ದಿಯು ಮುಟ್ಟಿತ್ತು. ಅದೂ ಪುಣೆಯ ಬಣ್ಣದಲ್ಲಿ ಅದ್ದಿಕೊಂಡು ಬಂದಿತ್ತು. ರೈಲ್ವೆ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಕಂಕುಳು ತೊಡೆಸಂದುಗಳಲ್ಲಿ ಗಂಟು ಇದೆಯೇ ಎಂದು ನೋಡುತ್ತಿದ್ದ ಕಾಲವದು. ಮಾನವಂತರಾದ ಗೃಹಸ್ಥರಿಗೂ ಅವರ ಜೊತೆಯ ಹೆಂಗಸರಿಗೂ ಇದು ರೋಗದ ತಪಾಸಣೆಯೆಂದು ತೋರದೆ ಮಾನಭಂಗವೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಇದೇ ಬೆಳಗಾವಿಯ ಕ್ಯಾಂಪಿನಲ್ಲಿ ಬೇರೊಂದು ಬಗೆಯ ಪರೀಕ್ಷೆಯು ನಡೆಯಿತು. ಅಲ್ಲಿದ್ದ ದೇಶೀ ಪಲ್ಟನ್ನಿಗೆ ಪ್ಲೇಗು ತಗುಲಿದಾಗ ಸಿಪಾಯಿಗಳಿಗೂ ಅವರ ಕುಟುಂಬಗಳಿಗೂ ಹಾಫ್ಕಿನನ ಚುಚ್ಚುಮದ್ದನ್ನು ಹಾಕಿದರು. ತನ್ನ ಮದ್ದಿನ ಗುಣವನ್ನು ಲೋಕಕ್ಕೆ ತೋರಿಸಲು ಹಾಫ್ಕಿನನು ಹೆಸರಿಸಿದ ಊರುಗಳಲ್ಲಿ ಕಿರ್ಕಿ, ದಮನ್, ಲಣಾವಳಿ, ಹುಬ್ಬಳ್ಳಿ, ಧಾರವಾಡ, ಗದಗಗಳ ಜೊತೆಗೆ ಬೆಳಗಾವಿಯೂ ಸೇರಿದೆ. ಆದರೆ ಪಲ್ಟನ್ನಿನಲ್ಲಿ ಶಿಸ್ತು ಉಂಟು. ಮೇಲಿನವನ ಮಾತು ಅಲ್ಲಿ ಅಪ್ಪಣೆಯಾಗಿಯೇ ಬರುತ್ತದೆ, ಕೇಳುವವನಿಗೆ ಅದರ ಅಭ್ಯಾಸವೂ ಉಂಟು. ಕ್ಯಾಂಪಿನಿಂದ ಒಂದು ಮೈಲಿ ಆಚೆಯ ಪೇಟೆಯಲ್ಲಿ ಬಟ್ಟೆ ಅಂಗಡಿಯವನಿಗೂ ನೇಕಾರನಿಗೂ ಅದೇ ಧ್ವನಿಯಲ್ಲಿ ಹೇಳಿದರೆ ಕೆಲಸ ನಡೆಯದು. ಮುಂಬಯಿ ಸರ್ಕಾರವು ಮೊದಲ ಎರಡು ವರ್ಷ ಮಾಡಿದ ತಪ್ಪು ಇದೇ ಎಂದು ನಮಗೆ ತೋರುತ್ತದೆ: ಕ್ಯಾಂಪಿನ ಭಾಷೆಯನ್ನು ಪೇಟೆಯಲ್ಲಿ ಆಡಿತು.

ಹಾಫ್ಕಿನನು ಹೋದ ದಾರಿ ಬೇರೆ. ಅವನು 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡನು. ಆ ಬಳಿಕ ಭಾಯ್ಖಳಾ ಜೈಲಿನಲ್ಲಿ, ತಾವಾಗಿ ಒಪ್ಪಿ ಮುಂದೆ ಬಂದ ಖೈದಿಗಳಿಗೆ ಮಾತ್ರ ಹಾಕಿದನು. ಮುಂಬಯಿಯ ಖೋಜಾ ಜನಾಂಗದ ಗುರುಗಳಾದ ಆಗಾಖಾನರು ತಮ್ಮವರ ಎದುರಿನಲ್ಲಿಯೇ ತಾವು ಚುಚ್ಚಿಸಿಕೊಂಡರು. ಅವರ ಅನುಯಾಯಿಗಳು ಸಾವಿರಗಟ್ಟಲೆ ಬಂದರು. ಬಡೋದೆಯ ಬಳಿಯ ಉಂದೇರಾ ಎಂಬ ಹಳ್ಳಿಯಲ್ಲಿ 1898ರಲ್ಲಿ ಅವನು ಮಾಡಿದ ಪ್ರಯೋಗವಂತೂ ಹಳ್ಳಿಯವನಿಗೂ ಅರ್ಥವಾಗುವಂಥದು. ಪ್ರತಿ ಮನೆಯಲ್ಲಿಯೂ ಸುಮಾರು ಅರ್ಧ ಜನಕ್ಕೆ ಚುಚ್ಚಿ, ಇನ್ನರ್ಧವನ್ನು ಹಾಗೆಯೇ ಬಿಟ್ಟರು. ಆಮೇಲೆ ರೋಗ ಹೊಕ್ಕ ಮನೆಗಳಲ್ಲಿ ಲೆಕ್ಕ ನೋಡಿದಾಗ, ಚುಚ್ಚಿಸಿಕೊಂಡಿದ್ದ 71 ಮಂದಿಯಲ್ಲಿ ಸತ್ತವರು 3. ಚುಚ್ಚಿಸಿಕೊಳ್ಳದ 64 ಮಂದಿಯಲ್ಲಿ ಸತ್ತವರು 26. ಒಂದೇ ಸೂರು, ಒಂದೇ ಅನ್ನ, ಒಂದೇ ಬಾವಿ, ಭೇದವೆಲ್ಲ ಸೂಜಿಯೊಂದರದು. ಅರ್ಧ ಜನವನ್ನು ಮದ್ದಿಲ್ಲದೆ ಬಿಟ್ಟದ್ದು ಧರ್ಮವೋ ಎಂದು ಈ ಕಾಲದವರು ಕೇಳುವುದು ನ್ಯಾಯವೇ. ಆದರೆ ಆ ಎರಡು ಸಂಖ್ಯೆಗಳು ಯಾವ ಸರ್ಕಾರಿ ಪ್ರಕಟಣೆಯೂ ಆಡದಷ್ಟು ಸ್ಪಷ್ಟವಾಗಿ ಮಾತನಾಡಿದವು.

ಹುಬ್ಬಳ್ಳಿಯ ಕಥೆಗೆ ಬರೋಣ. ಬೆಳಗಾವಿಗೆ ಹತ್ತಿರದ, ಕನ್ನಡ ನಾಡಿನ ಅತ್ಯಂತ ಬೋಧಪ್ರದವಾದ ಉದಾಹರಣೆ ಅದು. 1898ರ ಮೇ ತಿಂಗಳಿನಿಂದ ಸೆಪ್ಟೆಂಬರಿನ ವರೆಗೆ ಲ್ಯೂಮನ್ ಎಂಬ ಸೈನ್ಯದ ಡಾಕ್ಟರು ಅಲ್ಲಿ ಚುಚ್ಚುಮದ್ದಿನ ಕಾರ್ಯವನ್ನು ನಡೆಸಿದನು. ಐವತ್ತು ಸಾವಿರದ ಆಸುಪಾಸಿನ ಜನವಿದ್ದ ಊರಿನಲ್ಲಿ 35,000ಕ್ಕೂ ಮಿಕ್ಕಿ ಜನರು ಚುಚ್ಚಿಸಿಕೊಂಡರು. ಹಿಂದೂಸ್ಥಾನದಲ್ಲಿ ಅಲ್ಲಿಯವರೆಗೆ ಒಂದೇ ಊರಿನಲ್ಲಿ ಇಷ್ಟು ದೊಡ್ಡ ಕಾರ್ಯವು ನಡೆದಿರಲಿಲ್ಲ. ಧಾರವಾಡ ಗದಗಗಳಲ್ಲಿ ಕಾರ್ಥಾರ್ನ್ ಎಂಬ ವೈದ್ಯ ಮಹಿಳೆಯೂ ಈ ಕೆಲಸದಲ್ಲಿ ತೊಡಗಿದ್ದರು. ಹೆಂಗಸರಿಗೆ ಹೆಂಗಸೊಬ್ಬರು ಚುಚ್ಚಿದ್ದು ಎಷ್ಟು ಅಂಜಿಕೆಯನ್ನು ಕಳೆದಿರಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪುಣೆಯ ಜನರೂ ಹುಬ್ಬಳ್ಳಿಯ ಜನರೂ ಬೇರೆ ಬೇರೆ ಮಣ್ಣಿನವರೇನೂ ಅಲ್ಲ. ರೋಗವೂ ಅದೇ, ಸರ್ಕಾರವೂ ಅದೇ, ಕಾಯಿದೆಯೂ ಅದೇ. ಬೇರೆಯಾದದ್ದು ಜನರ ಮುಂದೆ ಇಟ್ಟ ಮಾತು. ಪುಣೆಯಲ್ಲಿ ಹೇಳಿದ್ದು: ನಿನ್ನನ್ನು ಹುಡುಕುತ್ತೇವೆ, ಸಿಕ್ಕಿದರೆ ಒಯ್ಯುತ್ತೇವೆ. ಹುಬ್ಬಳ್ಳಿಯಲ್ಲಿ ಹೇಳಿದ್ದು: ಚುಚ್ಚಿಸಿಕೊಂಡವರಿಗೆ ಒಂದು ಪತ್ರವನ್ನು ಕೊಡುತ್ತೇವೆ, ಪತ್ರವುಳ್ಳವರನ್ನು ಹಿಡಿದಿಡುವುದಿಲ್ಲ, ಅವರ ಓಡಾಟಕ್ಕೆ ಅಡ್ಡಿಯಿಲ್ಲ. ಹೀಗೆ ಹೇಳಿದಾಗ ಸೂಜಿಯು ಸರ್ಕಾರದ ಆಯುಧವಾಗಿ ಕಾಣದೆ ಸರ್ಕಾರದ ಕೈಯಿಂದ ಬಿಡಿಸಿಕೊಳ್ಳುವ ಉಪಾಯವಾಗಿ ಕಂಡಿತು. ರೈಲ್ವೆ ಕಾರ್ಖಾನೆ, ಹತ್ತಿಯ ಗಿರಣಿ, ಪೇಟೆಯ ವ್ಯಾಪಾರ ಇವುಗಳಿಂದ ಬದುಕುವ ಊರಿಗೆ ಓಡಾಟದ ಸ್ವಾತಂತ್ರ್ಯವೆಂದರೆ ದಿನದ ಅನ್ನ. ಇದರಲ್ಲಿ ಒತ್ತಾಯದ ನೆರಳು ಸ್ವಲ್ಪವೂ ಇರಲಿಲ್ಲವೆಂದು ನಾವು ಹೇಳಲಾರೆವು. ಬೇರೆಲ್ಲ ಬಾಗಿಲುಗಳನ್ನು ಮುಚ್ಚಿ ಒಂದನ್ನು ತೆರೆದಿಟ್ಟರೆ ಅದರೊಳಗೆ ಹೋದವನದು ಪೂರ್ಣ ಇಚ್ಛೆಯೆನಿಸುವುದಿಲ್ಲ. ಆದರೂ ತೆರೆದ ಬಾಗಿಲೊಂದನ್ನು ತೋರಿಸುವ ಮಾತಿಗೂ, ಬಾಗಿಲು ಒಡೆಯುವ ಮಾತಿಗೂ ಎಷ್ಟು ಅಂತರವೆಂಬುದನ್ನು ಆ ಸಂಖ್ಯೆಯೇ ಹೇಳುತ್ತದೆ.

ಈ ನಂಬಿಕೆಯು ಎಷ್ಟು ನಾಜೂಕಾದದ್ದೆಂಬುದು ನಾಲ್ಕು ವರ್ಷಗಳಲ್ಲಿ ತಿಳಿಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಚುಚ್ಚಿಸಿಕೊಂಡ 107 ಜನರಲ್ಲಿ 19 ಜನರು ಧನುರ್ವಾಯುವಿನಿಂದ ಸತ್ತರು. ಒಂದು ಸೀಸೆಯ ಮದ್ದು ಕೆಟ್ಟಿತ್ತು. ಆ ಸೀಸೆಯನ್ನು ತೆರೆಯುವಾಗ ಹಳ್ಳಿಯಲ್ಲಿ ಆದ ಅಜಾಗರೂಕತೆಯೇ ಕಾರಣವೆಂದು ಹಾಫ್ಕಿನನ ಪರವಾದವರು ವಾದಿಸಿದರು. ಅವನು ಆಪಾದನೆಯಿಂದ ಮುಕ್ತನಾಗಲು 1907ರ ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ದೇಶದ ನೂರಾರು ಊರುಗಳಲ್ಲಿ ಜನರು ತೋಳನ್ನು ಹಿಂದಕ್ಕೆ ಎಳೆದುಕೊಂಡಿದ್ದರು. ಮದ್ದು ಹಾಕುವಾಗ ಇಂಥ ಅಪಾಯವೂ ಉಂಟೆಂದು ಮೊದಲೇ ಹೇಳಿದ್ದರೆ ಜನರ ನಂಬಿಕೆ ಇಷ್ಟು ಮುರಿಯುತ್ತಿತ್ತೇ ಎಂದು ನಮಗೆ ಅನ್ನಿಸುತ್ತದೆ. ಒಳ್ಳೆಯದನ್ನು ಮಾತ್ರ ಹೇಳಿದ ಮಾತು ಒಂದು ಕೆಟ್ಟ ಸುದ್ದಿಯನ್ನೂ ತಡೆದುಕೊಳ್ಳಲಾರದು.

ಸರ್ಕಾರದ ಮಾತು ಹೀಗಿರಲು, ಜನರು ತಮ್ಮತಮ್ಮೊಳಗೇ ಆಡಿಕೊಂಡ ಮಾತೊಂದು ಇದಕ್ಕಿಂತ ಹೆಚ್ಚು ಕೆಲಸ ಮಾಡಿತು. 'ಇಲಿ ಬಿದ್ದವು' ಎಂಬ ಎರಡೇ ಶಬ್ದಗಳು. ಮೈಸೂರಿನ ಕಡೆಯವರಿಗೂ ಧಾರವಾಡ ಬೆಳಗಾವಿಯ ಕಡೆಯವರಿಗೂ ಈ ನುಡಿಯನ್ನು ವಿವರಿಸಬೇಕಾಗಿಲ್ಲ. ಅಜ್ಜ ಅಜ್ಜಿಯರ ಬಾಯಲ್ಲಿ ಅದು ಒಂದು ಕಾಲಗಣನೆಯೇ ಆಗಿ ಹೋಗಿತ್ತು. ಅಟ್ಟದಿಂದ ಇಲಿ ಬಿದ್ದು ಸತ್ತಿತೆಂದರೆ ಗಂಟುಮೂಟೆ ಕಟ್ಟಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂದು ಅರ್ಥ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ಸಿಮೋನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗ ಮಾಡಿ ಹೇಳಿದ್ದು 1898ರಲ್ಲಿ. ಅವನ ಮಾತನ್ನು ವಿದ್ವಾಂಸರು ಒಪ್ಪಲು ಇನ್ನೂ ಏಳೆಂಟು ವರ್ಷಗಳು ಹಿಡಿದವು. ಹಳ್ಳಿಯವರು ಕಾರಣವನ್ನು ಅರಿಯದಿದ್ದರೂ ಲಕ್ಷಣವನ್ನು ಅರಿತಿದ್ದರು. ಪಿಡುಗು ಬಂದರೆ ಅಮ್ಮನ ಹೆಸರಿನಲ್ಲಿ ವಾರ ಹಿಡಿದು ಊರ ಹೊರಗೆ ಅಡಿಗೆ ಮಾಡಿ ಉಣ್ಣುವ ಸಂಪ್ರದಾಯವು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಮೊದಲಿನಿಂದ ಇದ್ದದ್ದೇ. ಊರು ಬಿಡುವುದೆಂಬುದು ಅವರಿಗೆ ಹೊಸ ಶಾಸನವಾಗಿ ತೋರಲಿಲ್ಲ. ಹಳೆಯ ನಡವಳಿಕೆಯಾಗಿ ತೋರಿತು. ಅದೇ ಕೆಲಸವನ್ನು ಸರ್ಕಾರವು 'ಸೆಗ್ರಿಗೇಷನ್' ಎಂದು ಕರೆದಾಗ ಮಂದಿ ಓಡಿದರು. ಊರಿನ ಗೌಡನೋ ಪಾಟೀಲನೋ ತಳವಾರನ ಕೈಯಲ್ಲಿ ಡಂಗುರ ಸಾರಿಸಿ 'ಇಲಿ ಬಿದ್ದಾವು, ಊರು ಬಿಡಬೇಕು' ಎಂದಾಗ ಗಾಡಿ ಕಟ್ಟಿದರು. ಇಪ್ಪತ್ತನೆಯ ಶತಮಾನವು ಕಾಲಿಟ್ಟ ಮೇಲೆ ಸರ್ಕಾರವೂ ಬುದ್ಧಿ ಕಲಿತು, ಬಲಾತ್ಕಾರವನ್ನು ಕ್ರಮೇಣ ಕೈಬಿಟ್ಟು, ಜನರು ತಾವಾಗಿ ಊರು ಬಿಡುವುದನ್ನೇ ನೆಚ್ಚಿಕೊಂಡಿತು.

ಖಾನಾಪುರದಂಥ ಸೀಮೆಯಲ್ಲಿ ಇದಕ್ಕೂ ಒಂದು ಎಲ್ಲೆಯುಂಟು. ಹುಬ್ಬಳ್ಳಿ ಬೆಳಗಾವಿಗಳ ಕಡೆ ಪ್ಲೇಗು ಮಳೆಗಾಲದಲ್ಲಿಯೂ ಬಲವಾಗಿ ಕಾಣಿಸಿಕೊಂಡ ರೋಗ. ಬಯಲುನಾಡಿನವನು ಊರು ಬಿಟ್ಟು ಹೊಲದಲ್ಲಿ ಮಲಗಬಹುದು. ಘಟ್ಟದ ಸೆರಗಿನವನು ಆಷಾಢ ಶ್ರಾವಣಗಳ ಮಳೆಯಲ್ಲಿ ಬಾಣಂತಿಯನ್ನೂ ಎಳೆಗೂಸನ್ನೂ ಕಟ್ಟಿಕೊಂಡು ಎಲ್ಲಿ ಮಲಗಬೇಕು? ಬಿದಿರು ಬೆಳೆಯುವ ಕಾಡು ಕಣ್ಣೆದುರಿಗೇ ಇದ್ದರೂ ಅದು ಅರಣ್ಯ ಇಲಾಖೆಯದು. ಹೊರಗೆ ಹೋಗೆಂದು ಹೇಳುವ ಮಾತಿನ ಜೊತೆಗೆ ನಾಲ್ಕು ಗಳ ಬಿದಿರು, ಎರಡು ಹೊರೆ ಹುಲ್ಲು ಬಂದರೆ ಅದು ಹಿತವಚನ. ಬರದಿದ್ದರೆ ಅದು ಬರಿಯ ದಬ್ಬಾಟ. ಮಾತಿನ ರೂಪವನ್ನು ಎಷ್ಟು ತಿದ್ದಿದರೂ ಈ ಬಿದಿರಿನ ಪ್ರಶ್ನೆಯು ಉಳಿದೇ ಉಳಿಯುತ್ತದೆ.

ನಮ್ಮ ಮೈಸೂರು ಸೀಮೆಯು ಈ ವಿಷಯದಲ್ಲಿ ನಿರ್ದೋಷಿಯೆಂದು ಯಾರೂ ಬೀಗಬೇಕಾಗಿಲ್ಲ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು, ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರಾದರು. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗಿನ ಕಟ್ಟಳೆಗಳ ವಿರುದ್ಧ ದೊಂಬಿಯೆದ್ದಿತು. ನಾಡಿನವರೇ ಆದ ಅಧಿಕಾರಿಗಳು ಕನ್ನಡದಲ್ಲಿಯೇ ಹೇಳಿದರೂ ಮನೆಯ ಹೊಸ್ತಿಲು ದಾಟುವಾಗ ತಪ್ಪಿದರೆ ಇಷ್ಟೇ ಫಲ. ಆದರೆ ಇದಕ್ಕೆ ತೊಂಬತ್ತು ವರ್ಷ ಹಿಂದೆ ಇದೇ ಸಂಸ್ಥಾನದಲ್ಲಿ ಸಿಡುಬಿನ ಲಸಿಕೆಯು ಬಂದಾಗ ನಡೆದದ್ದು ಬೇರೆ. 1805ರ ಸುಮಾರಿನಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಮೈಸೂರಿನ ಮೂವರು ರಾಜಸ್ತ್ರೀಯರನ್ನು ಒಂದೇ ಪಟದಲ್ಲಿ ಬರೆದನು. ಅವರಲ್ಲಿ ಕಿರಿಯ ರಾಣಿಯು ಸೆರಗನ್ನು ಸರಿಸಿ ತೋಳನ್ನು ತೋರುವಂತೆ ನಿಂತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ಸೂಚಿಸುವುದಕ್ಕಾಗಿಯೇ ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ವಾದವು ಸರಿಯಾಗಿದ್ದರೆ, ಅರಮನೆಯ ಸ್ತ್ರೀಯರು ಅಪ್ಪಣೆ ಕೊಡದೆ ತೋಳನ್ನು ತೋರಿಸಿದರು ಎಂದಾಯಿತು.

ಸಿಡುಬಿನ ಮಾತು ಬಂದಿತಾದ್ದರಿಂದ ಬೆಳಗಾವಿಯ ಇನ್ನೊಂದು ಹೆಮ್ಮೆಯನ್ನೂ ಹೇಳಬೇಕು. ಮುಂಬಯಿ ಇಲಾಖೆಗೆಲ್ಲ ಸಿಡುಬಿನ ಲಸಿಕೆಯನ್ನು ಕರುಗಳ ಮೈಮೇಲೆ ಬೆಳೆಸಿ ಕಳುಹಿಸುತ್ತಿದ್ದ ಸಂಸ್ಥೆಯು ಇದ್ದದ್ದು ಈ ಊರಿನಲ್ಲಿಯೇ. ಟಿಳಕವಾಡಿಯ ಆ ಜಾಗವನ್ನು ಈಗಲೂ ಮಂದಿ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. ಮೈಸೂರಿನ ಕಡೆ ದಾಕು ಹಾಕಿಸುವುದೆನ್ನುತ್ತಿದ್ದರೆ ಬೆಳಗಾವಿಯ ಕಡೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ 'ದೇವಿ' ಹಾಕಿಸುವುದೆನ್ನುತ್ತಿದ್ದರು. ಈ ಶಬ್ದವನ್ನು ಯಾವ ಇಲಾಖೆಯೂ ರೂಪಿಸಲಿಲ್ಲ. ರೋಗವೂ ದೇವಿ, ರೋಗವನ್ನು ತಡೆಯುವ ಮದ್ದೂ ದೇವಿ. ದೇವಿಯನ್ನು ವಿರೋಧಿಸುವ ಪರದೇಶದ ಸೂಜಿಯಾಗಿ ಬರಬಹುದಾಗಿದ್ದುದು ದೇವಿಯನ್ನೇ ಸ್ವಲ್ಪವಾಗಿ, ಸೌಮ್ಯವಾಗಿ ಬರಮಾಡಿಕೊಳ್ಳುವ ವಿಧಿಯಾಗಿ ಬಂದಿತು. ಹೀಗಾದ ಮೇಲೂ ಮಕ್ಕಳನ್ನು ಬಚ್ಚಿಡುವ ತಾಯಂದಿರು ಇದ್ದೇ ಇದ್ದರು. ಕಡೆಯ ಸಿಡುಬನ್ನು ದೇಶದಿಂದ ಅಟ್ಟಿದಾಗ ಸರ್ಕಾರವು ಇನ್ನೊಂದು ಉಪಾಯ ಮಾಡಿತು: ರೋಗಿಯನ್ನು ಮರೆಮಾಡಿದವನಿಗೆ ದಂಡವೆನ್ನುವುದರ ಬದಲು, ರೋಗಿಯಿರುವ ಸುದ್ದಿ ತಂದವನಿಗೆ ಬಹುಮಾನವೆಂದಿತು. ಆ ಬಹುಮಾನವು 1975ರಲ್ಲಿ ಸಾವಿರ ರೂಪಾಯಿಗಳ ವರೆಗೆ ಏರಿತು. ಆ ವರ್ಷದ ಮೇ ತಿಂಗಳ ಬಳಿಕ ಹಿಂದೂಸ್ಥಾನದಲ್ಲಿ ಸಿಡುಬು ಕಾಣಲಿಲ್ಲ.

ಈ ಮರ್ಮವನ್ನು ಪಂಡಿತರು ಪರೀಕ್ಷೆಗೆ ಹಚ್ಚಿದ್ದು ಬಹಳ ತಡವಾಗಿ. 1981ರಲ್ಲಿ ಟ್ವರ್ಸ್ಕಿ, ಕಾನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಶ್ನೆಯನ್ನು ಪ್ರಕಟಿಸಿದರು. ಒಂದು ಪಿಡುಗಿನಿಂದ 600 ಜನರು ಸಾಯುವ ಸಂಭವವಿದೆ. ಮೊದಲನೆಯ ಉಪಾಯದಿಂದ 200 ಜನರು ಖಂಡಿತವಾಗಿ ಉಳಿಯುತ್ತಾರೆ. ಎರಡನೆಯದರಿಂದ ಮೂರರಲ್ಲಿ ಒಂದು ಪಾಲು ಸಂಭವದಂತೆ ಎಲ್ಲರೂ ಉಳಿಯಬಹುದು, ಎರಡು ಪಾಲು ಸಂಭವದಂತೆ ಯಾರೂ ಉಳಿಯಲಿಕ್ಕಿಲ್ಲ. ಹೀಗೆ ಕೇಳಿದಾಗ ನೂರಕ್ಕೆ 72 ಮಂದಿ ಖಂಡಿತವಾದದ್ದನ್ನು ಆರಿಸಿಕೊಂಡರು. ಅದೇ ಉಪಾಯವನ್ನು '400 ಜನರು ಖಂಡಿತವಾಗಿ ಸಾಯುತ್ತಾರೆ' ಎಂದು ತಿರುಗಿಸಿ ಹೇಳಿದಾಗ ಅದನ್ನು ಒಪ್ಪಿದವರು ನೂರಕ್ಕೆ 22 ಮಂದಿ. ಲೆಕ್ಕ ಒಂದೇ, ಮಾತು ಬೇರೆ. ಶೋಧನೆಯು ಸುಂದರವಾದದ್ದೇ ಸರಿ. ಆದರೆ ಇದು ಕಾಗದದ ಮೇಲಿನ ಪ್ರಶ್ನೆ. ಉತ್ತರ ಕೊಟ್ಟವರ ಮನೆಯಲ್ಲಿ ಯಾರಿಗೂ ಜ್ವರ ಬಂದಿರಲಿಲ್ಲ. ಪೇಟೆಯಲ್ಲಿ ಜನರು ಮಾತನ್ನು ಕೇಳುವುದಕ್ಕಿಂತ ಮುಂಚೆ ಮಾತನಾಡುವವನ ಮುಖವನ್ನು ನೋಡುತ್ತಾರೆ. ಇದನ್ನು ಮರೆತು ಶಬ್ದಗಳನ್ನು ಮಾತ್ರ ಹೊಂದಿಸುತ್ತ ಕುಳಿತರೆ ಪ್ರಯೋಜನ ಸ್ವಲ್ಪವೆಂದು ನಮ್ಮ ಅಭಿಪ್ರಾಯ.

2020ರಲ್ಲಿ ಕೋವಿಡ್ ಬಂದಾಗ ಇತಿಹಾಸವು ಹಳೆಯ ಪುಟಗಳನ್ನೇ ಮತ್ತೆ ತೆರೆದಂತಾಯಿತು. 1897ರ ಕಾಯಿದೆಯನ್ನೇ ಧೂಳು ಕೊಡವಿ ಹೊರಗೆ ತೆಗೆದರು. ಮಾರ್ಚ್ ತಿಂಗಳಿನಲ್ಲಿ ಯಾರಿಗೆ ಟೆಲಿಫೋನ್ ಮಾಡಿದರೂ ಮೊದಲು ಕೆಮ್ಮಿನ ಶಬ್ದ, ಆಮೇಲೆ ಎಚ್ಚರಿಕೆ. ಕೆಮ್ಮಿದವನನ್ನು ಕಂಡರೆ ಹತ್ತು ಮಾರು ಹಾರುವಷ್ಟು ಜನ ಹೆದರಿದ್ದರು. ಸ್ವಲ್ಪ ದಿನಗಳಲ್ಲಿ ಆ ಧ್ವನಿಯು ಬದಲಾಗಿ, ನಮ್ಮ ಹೋರಾಟವು ರೋಗದ ಮೇಲೆ, ರೋಗಿಯ ಮೇಲೆ ಅಲ್ಲ ಎಂದು ಹೇಳತೊಡಗಿತು. ಅಷ್ಟು ಹೊತ್ತಿಗೆ ರೋಗಿಯ ಮನೆಯವರೊಡನೆ ನೆರೆಯವರು ಮಾತು ಬಿಟ್ಟಾಗಿತ್ತು. 'ಸಾಮಾಜಿಕ ಅಂತರ' ಎಂಬ ಶಬ್ದವನ್ನೇ ನೋಡಿರಿ. ಮುಟ್ಟುಮೈಲಿಗೆಯ ಕಹಿಯನ್ನು ಶತಮಾನಗಳಿಂದ ಉಂಡ ನಾಡಿನಲ್ಲಿ ಈ ಶಬ್ದವನ್ನು ಗೋಡೆ ಗೋಡೆಗೆ ಬರೆಸುವ ಮುಂಚೆ ಯಾರಾದರೂ ಒಂದು ಗಳಿಗೆ ಯೋಚಿಸಿದರೇ? ವಿಶ್ವ ಆರೋಗ್ಯ ಸಂಸ್ಥೆಯವರು ಮಾರ್ಚ್ ತಿಂಗಳಿನಲ್ಲಿಯೇ 'ದೈಹಿಕ ಅಂತರ'ವೆನ್ನುವುದು ಲೇಸೆಂದರು. ಹಳೆಯ ಶಬ್ದವು ಗೋಡೆಗಳ ಮೇಲೆ ಉಳಿದೇ ಉಳಿಯಿತು.

ಮುಂಬಯಿಯಲ್ಲಿ ಪರದೇಶದಿಂದ ಬಂದವರ ಕೈಗೆ ಒತ್ತಿದ ಮುದ್ರೆಯಲ್ಲಿ, ಮುಂಬಯಿಕರರನ್ನು ರಕ್ಷಿಸಲು ಹೆಮ್ಮೆಪಡುತ್ತೇನೆ ಎಂಬ ಅರ್ಥದ ಇಂಗ್ಲಿಷ್ ಮಾತಿತ್ತು. ಬರೆದವರ ಉದ್ದೇಶ ಒಳ್ಳೆಯದು. ಮುದ್ರೆಯನ್ನು ಹೊತ್ತವನು ತ್ಯಾಗಿಯೆನಿಸಬೇಕು. ಆದರೆ ರೈಲುಗಾಡಿಯಲ್ಲಿ ಆ ಶಾಯಿಯನ್ನು ಕಂಡ ಸಹಪ್ರಯಾಣಿಕರು ಅಕ್ಷರವನ್ನು ಓದಲಿಲ್ಲ, ಕಲೆಯನ್ನು ಓದಿದರು. ಕೆಲವರನ್ನು ನಡುದಾರಿಯಲ್ಲಿ ಇಳಿಸಿಬಿಟ್ಟರು. ಪ್ಲೇಗಿನ ಕಾಲದಲ್ಲಿ ಅದೇ ನಗರದ ಬಾಗಿಲುಗಳ ಮೇಲೆ ಬರೆದ ಕೆಂಪು ವರ್ತುಲಗಳನ್ನು ಜನರು ಹೀಗೆಯೇ ಓದಿದ್ದರು. ಸೋಂಕಿದವರ ಮನೆಗಳಿಗೆ ಚೀಟಿ ಅಂಟಿಸುವ ಪದ್ಧತಿಯು ದೇಶದಲ್ಲೆಲ್ಲ ನಡೆಯಿತು. ಸಕ್ಷಮ ಅಧಿಕಾರಿಯ ನಿರ್ದಿಷ್ಟ ಆಜ್ಞೆಯಿಲ್ಲದೆ ಅಂಟಿಸಕೂಡದೆಂದು 2020ರ ಡಿಸೆಂಬರ್ 9ರಂದು ಸರ್ವೋಚ್ಚ ನ್ಯಾಯಾಲಯವು ಹೇಳುವ ಹೊತ್ತಿಗೆ ಮೊದಲ ಅಲೆಯು ಇಳಿಮುಖವಾಗಿತ್ತು.

ಬೆಳಗಾವಿಯಲ್ಲಿ ಆದದ್ದು ಆರ್ಥರ್ ರೋಡಿನ ನೆನಪು ತರುವಂಥದು. 2020ರ ಜುಲೈ 22ರ ರಾತ್ರಿ ಬೆಳಗಾವಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ರೋಗಿಯೊಬ್ಬರು ತೀರಿಕೊಂಡಾಗ ಸಿಟ್ಟಿಗೆದ್ದ ಜನರು ಕಲ್ಲು ತೂರಿ, ಹೊರಗೆ ನಿಂತಿದ್ದ ಆಂಬುಲೆನ್ಸಿಗೆ ಬೆಂಕಿ ಹಚ್ಚಿದರು. ಆ ಕೃತ್ಯವನ್ನು ಯಾರೂ ಸಮರ್ಥಿಸಲಾರರು. ರೋಗಿಗಳನ್ನು ಹೊತ್ತು ತರುವ ಬಂಡಿಯನ್ನು ಸುಟ್ಟರೆ ನಷ್ಟ ಯಾರಿಗೆ? ಆದರೆ ಆ ದಿನಗಳ ಮನಃಸ್ಥಿತಿಯನ್ನು ಅರಿಯಬೇಕಾದರೆ ಮಾತಿನ ಕೊರತೆಯನ್ನು ಅರಿಯಬೇಕು. ಒಳಗೆ ಹೋದವರ ಮುಖ ಕಾಣುವಂತಿರಲಿಲ್ಲ. ಸತ್ತವರ ದೇಹವನ್ನು ಮನೆಯವರ ಕೈಗೆ ಎಂದಿನಂತೆ ಕೊಡುತ್ತಿರಲಿಲ್ಲ. 1896ರಲ್ಲಿ ಗಿರಣಿಯ ಕೂಲಿಗಳು ಕೇಳಿದ ಪ್ರಶ್ನೆಗಳೇ ಇವು. 124 ವರ್ಷಗಳ ಬಳಿಕವೂ ಅವುಗಳಿಗೆ ಉತ್ತರ ಕೊಡುವ ಮನುಷ್ಯನೊಬ್ಬನನ್ನು ಆಸ್ಪತ್ರೆಯ ಬಾಗಿಲಲ್ಲಿ ಕೂರಿಸುವುದು ಯಂತ್ರಗಳನ್ನು ತರಿಸುವಷ್ಟೇ ಅವಶ್ಯವೆಂದು ನಮ್ಮವರಿಗೆ ಹೊಳೆಯಲಿಲ್ಲ.

ಅದೇ ವರ್ಷ ಬಂಗಾಳದಲ್ಲಿ ನಡೆದ ಒಂದು ಪರೀಕ್ಷೆ ಈ ವಿಷಯಕ್ಕೆ ಬೆಳಕು ಕೊಡುತ್ತದೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿಯವರು ಬಂಗಾಳಿಯಲ್ಲಿ ಎರಡೂವರೆ ನಿಮಿಷ ಮಾತನಾಡಿದ ಚಿತ್ರವನ್ನು ಎರಡೂವರೆ ಕೋಟಿ ಜನರ ಫೋನುಗಳಿಗೆ ಕಳುಹಿಸಿದರು. ಜ್ವರ ಬಂದರೆ ಊರಿನ ಆರೋಗ್ಯ ಕಾರ್ಯಕರ್ತೆಗೆ ತಿಳಿಸಿರಿ ಎಂಬುದು ಎಲ್ಲಕ್ಕೂ ಸಮಾನವಾದ ಮಾತು. ಕೆಲವಕ್ಕೆ ನಿಮ್ಮ ಒಳಿತಿಗಾಗಿ ಎಂದೂ, ಕೆಲವಕ್ಕೆ ಎಲ್ಲರ ಒಳಿತಿಗಾಗಿ ಎಂದೂ ಸೇರಿಸಿದ್ದರು. ಸರ್ಕಾರದ ಮಾಹಿತಿಯ ಕಡೆಗೆ ಬರಿಯ ಕೈತೋರಿಸಿದ ಕಡೆಗಳಿಗೆ ಹೋಲಿಸಿದರೆ, ಈ ಮಾತು ಮುಟ್ಟಿದ ಕಡೆ ಕಾರ್ಯಕರ್ತೆಯರಿಗೆ ಜ್ವರದ ಸುದ್ದಿ ತಿಳಿಸಿದವರ ಸಂಖ್ಯೆ ಇಮ್ಮಡಿಯಾಯಿತು. ತಮ್ಮ ನಾಡಿನ, ತಮ್ಮ ನುಡಿಯ, ತಾವು ಗೌರವಿಸುವ ಒಬ್ಬನು ಹೇಳಿದ್ದರಿಂದಲೇ ಇಷ್ಟಾಯಿತೆಂದು ನಾವು ತಿಳಿಯುತ್ತೇವೆ.

ಖಾನಾಪುರದ ಕಾಡಿನ ಹಳ್ಳಿಗಳಲ್ಲಿ ಬ್ಯಾನರ್ಜಿಯವರಂಥವರ ಸ್ಥಾನವನ್ನು ತುಂಬಬೇಕಾದವಳು ಊರಿನ ಆಶಾ ಕಾರ್ಯಕರ್ತೆ. ಮೇಲಿನಿಂದ ಬಂದ ಕನ್ನಡದ ಸುತ್ತೋಲೆಯನ್ನು ಅವಳು ಒಂದು ಮನೆಯಲ್ಲಿ ಮರಾಠಿಯಾಗಿ, ಮುಂದಿನ ಮನೆಯಲ್ಲಿ ಕೊಂಕಣಿಯಾಗಿ ಮಾಡಬೇಕು. ಮಾಡುವಾಗ 'ಕಡ್ಡಾಯ' ಎಂಬುದು 'ಮಾವಾ, ನಿಮ್ಮ ಮೊಮ್ಮಗನ ಸಲುವಾಗಿ' ಎಂದಾಗುತ್ತದೆ. ಅಚ್ಚಾದ ಪ್ರಕಟಣೆಗೂ ಹಳ್ಳಿಯವನ ಕಿವಿಗೂ ನಡುವೆ ಇರುವ ಈ ಅನುವಾದವನ್ನು ಯಾವ ವರದಿಯೂ ಬರೆದಿಡುವುದಿಲ್ಲ. 2021ರ ಜನವರಿಯಲ್ಲಿ ಹೊಸ ಲಸಿಕೆಯ ಪೆಟ್ಟಿಗೆಗಳು ಉತ್ತರದ ಜಿಲ್ಲೆಗಳಿಗೆ ಹಂಚಿಕೆಯಾದದ್ದು ಬೆಳಗಾವಿಯ ಪ್ರಾದೇಶಿಕ ಲಸಿಕೆಯ ಉಗ್ರಾಣದಿಂದ. 16ನೆಯ ತಾರೀಖು ಶನಿವಾರ ಮೊದಲ ಸೂಜಿಗೆ ತೋಳನ್ನು ಒಡ್ಡಿದವರು ಆಸ್ಪತ್ರೆಗಳ ನೌಕರರು. ಹಳ್ಳಿಗಳಲ್ಲಿ ಮುದುಕರ ಸರದಿಯು ಬಂದದ್ದು ಮಾರ್ಚಿನಲ್ಲಿ.